ಕೋಚ್ ತಕರಾರು ತೆಗೆದಾಗ ಕಬಡ್ಡಿ ತೀರ್ಪುಗಾರರು ಏನು ಮಾಡಬೇಕು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಕಬಡ್ಡಿ ನಿಯಮಗಳನ್ನು ಅರೆದು ಕುಡಿದ ತೀರ್ಪುಗಾರರೂ ಒಂದು ಕಡೆ ಎಡವುತ್ತಾರೆ. ಕೊಟ್ಟ ಟಚ್ ಸರಿಯಾಗಿರುತ್ತದೆ, ಕೈಸನ್ನೆಯೂ ಸರಿಯಾಗಿರುತ್ತದೆ. ಆದರೆ ಕೋಚ್ ಬೆಂಚು ಬಿಟ್ಟು ಎದ್ದು ಬಂದ ಕೂಡಲೇ ಏನು ಹೇಳಬೇಕು, ಎಷ್ಟು ಹೇಳಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂದು ತೋಚದೆ ಪಂದ್ಯ ಕೈತಪ್ಪುತ್ತದೆ. ಹೋಬಳಿ, ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಗಳಲ್ಲೂ ಊರಹಬ್ಬದ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲೂ ಇದು ಮತ್ತೆ ಮತ್ತೆ ನಡೆಯುತ್ತಿದೆ. ಆಟ ಅರ್ಧ ಗಂಟೆ ನಿಲ್ಲುತ್ತದೆ. ಸಂಘಟಕರು ಮೈಕ್‌ನಲ್ಲಿ ಕೈಮುಗಿದು ಕೇಳಿಕೊಳ್ಳುತ್ತಿರುತ್ತಾರೆ, ಮಕ್ಕಳು ಬೆವರಾರಿ ಮೈ ತಣ್ಣಗಾಗಿ ನಿಂತಿರುತ್ತಾರೆ.

ಆ ಹೊತ್ತಿನಲ್ಲಿ ಮಾಡಬೇಕಾದ್ದನ್ನೂ, ಆ ಹೊತ್ತು ಬಾರದಂತೆ ಮೊದಲೇ ಮಾಡಿಟ್ಟುಕೊಳ್ಳಬೇಕಾದ್ದನ್ನೂ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಉದಾಹರಣೆಗಳೆಲ್ಲ ಕಬಡ್ಡಿಯವು. ಖೋ ಖೋ, ವಾಲಿಬಾಲ್ ತೀರ್ಪುಗಾರರಿಗೂ ಬಹುಪಾಲು ಹೊಂದುತ್ತದೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ. ಹೆಚ್ಚಿನ ಪಂದ್ಯಗಳು ಕೆಡುವುದು ತಪ್ಪು ತೀರ್ಪಿನಿಂದಲ್ಲ, ಕ್ರಮ ತಪ್ಪುವುದರಿಂದ.

## ಕೈಯಲ್ಲಿ ಏನಿರಬೇಕು

- ಎರಡು ಸೀಟಿ. ಒಂದು ಕೈಕೊಟ್ಟರೆ ಇನ್ನೊಂದು ಬೇಕು. ಸೀಟಿ ಊದದ ತೀರ್ಪನ್ನು ಯಾರೂ ಒಪ್ಪುವುದಿಲ್ಲ.
- ಹಸಿರು, ಹಳದಿ, ಕೆಂಪು ಕಾರ್ಡ್‌ಗಳು. ಮೂರನ್ನೂ ಬೇರೆ ಬೇರೆ ಜೇಬಿನಲ್ಲಿಡಿ. ಸಿಟ್ಟಿನ ಗಳಿಗೆಯಲ್ಲಿ ಹಸಿರು ತೆಗೆಯಲು ಹೋಗಿ ಕೆಂಪು ಕೈಗೆ ಬಂದರೆ ಹೊಸ ಜಗಳ.
- ನಿಯಮಾವಳಿಯ ಮುದ್ರಿತ ಪ್ರತಿ, ಜೊತೆಗೆ ಆ ಪಂದ್ಯಾವಳಿಯ ವಿಶೇಷ ನಿಯಮಗಳ ಒಂದು ಹಾಳೆ. ಮೊಬೈಲ್‌ನಲ್ಲಿರುವ ಪಿಡಿಎಫ್ ಸಾಲದು. ಜನರ ನಡುವೆ ನಿಂತು ಪರದೆ ಒರೆಸುತ್ತಾ ಹುಡುಕುವ ತೀರ್ಪುಗಾರನ ಮೇಲೆ ಯಾರಿಗೂ ನಂಬಿಕೆ ಹುಟ್ಟುವುದಿಲ್ಲ.
- ಸಣ್ಣ ನೋಟ್‌ಬುಕ್ಕು, ಪೆನ್ನು.
- ಅಳತೆ ಟೇಪು. ಮಣ್ಣಿನ ಅಂಕಣವಾದರೆ ಗೆರೆ ಹಾಕಲು ಸುಣ್ಣದ ಪುಡಿ, ಮ್ಯಾಟ್ ಆದರೆ ಅಂಟುಪಟ್ಟಿ.

ಕೊನೆಯದನ್ನು ಸಂಘಟಕರ ಮೇಲೆ ಬಿಡಬೇಡಿ. ಬೋನಸ್ (ಎದುರು ಆರು ಅಥವಾ ಹೆಚ್ಚು ಡಿಫೆಂಡರ್‌ಗಳಿದ್ದಾಗ ರೈಡರ್ ಒಂದು ಕಾಲನ್ನು ಬೋನಸ್ ಗೆರೆಯಾಚೆ ಇಟ್ಟು, ಹಿಂದಿನ ಪಾದ ನೆಲ ಬಿಟ್ಟಿದ್ದರೆ ಸಿಗುವ ಪಾಯಿಂಟ್) ಕುರಿತ ಜಗಳಗಳಲ್ಲಿ ಒಳ್ಳೆಯ ಪಾಲು ಅಳಿಸಿಹೋದ ಗೆರೆಯಿಂದಲೇ ಹುಟ್ಟುತ್ತದೆ. ಪುರುಷರ ಅಂಕಣದಲ್ಲಿ ಮಿಡ್ ಲೈನ್‌ನಿಂದ ಬಾಕ್ ಲೈನ್ (ರೈಡರ್ ದಾಟಲೇಬೇಕಾದ ಗೆರೆ) 3.75 ಮೀಟರ್, ಅಲ್ಲಿಂದ ಬೋನಸ್ ಲೈನ್ 1 ಮೀಟರ್. ಮಣ್ಣಿನಲ್ಲಿ ಹತ್ತು ರೈಡ್ ಮುಗಿಯುವಷ್ಟರಲ್ಲಿ ಬೋನಸ್ ಗೆರೆ ನಾಲ್ಕು ಬೆರಳಗಲ ಹರಡಿಕೊಳ್ಳುತ್ತದೆ. ಆಮೇಲೆ ಕಾಲು ದಾಟಿತೋ ಇಲ್ಲವೋ ಎಂದು ದೇವರೇ ಹೇಳಬೇಕು. ಗೆರೆ ಮತ್ತೆ ಹಾಕಲು ಅಫಿಷಿಯಲ್ ಟೈಮ್ ಔಟ್ ಕೊಡಬಹುದೆಂದು ನಿಯಮದಲ್ಲೇ ಇದೆ, ಆ ಸಮಯ ಪಂದ್ಯಕ್ಕೆ ಸೇರುತ್ತದೆ. ಸಂಕೋಚ ಬಿಟ್ಟು ಬಳಸಿ.

## ಹಂತ 1: ಪಂದ್ಯಕ್ಕೆ ಮೊದಲು ಇಬ್ಬರು ಕೋಚ್‌ಗಳನ್ನೂ ಒಟ್ಟಿಗೆ ನಿಲ್ಲಿಸಿ

ಟಾಸ್‌ಗೆ ಕ್ಯಾಪ್ಟನ್‌ಗಳನ್ನು ಕರೆಯುವಾಗ ಕೋಚ್‌ಗಳನ್ನೂ ಕರೆಯಿರಿ. ಒಬ್ಬೊಬ್ಬರನ್ನೇ ಕರೆದು ಮಾತಾಡಬೇಡಿ. ಒಬ್ಬರ ಜೊತೆ ಮಾತಾಡಿದ್ದನ್ನು ಇನ್ನೊಬ್ಬರು ದೂರದಿಂದ ನೋಡಿದರೂ ಸಾಕು, ಸಂಶಯ ಬೇರುಬಿಡುತ್ತದೆ. ಎರಡು ನಿಮಿಷದಲ್ಲಿ ಇಷ್ಟನ್ನು ಹೇಳಿ ಮುಗಿಸಿ:

ಅಂಕಣದೊಳಗೆ ತೀರ್ಪಿನ ಬಗ್ಗೆ ಕೇಳುವವರು ಕ್ಯಾಪ್ಟನ್ ಮಾತ್ರ. ಕೋಚ್‌ಗೆ ಕೇಳುವುದಿದ್ದರೆ ಟೈಮ್ ಔಟ್‌ನಲ್ಲಿ ಇಲ್ಲವೇ ವಿರಾಮದಲ್ಲಿ, ರೆಫರಿಯ ಹತ್ತಿರ. ಪ್ರತಿ ಅರ್ಧದಲ್ಲಿ ತಂಡಕ್ಕೆ 30 ಸೆಕೆಂಡಿನ ಎರಡು ಟೈಮ್ ಔಟ್ ಇವೆ ಎಂದು ನೆನಪಿಸಿ. ಲಾಬಿ (ಅಂಕಣದ ಎರಡು ಬದಿಯ ಪಟ್ಟಿ, ಟಚ್ ಆದ ಮೇಲಷ್ಟೇ ಆಟಕ್ಕೆ ಸೇರುವಂಥದ್ದು) ನಿಯಮ ಇವತ್ತು ಯಾವುದು, ವಿಡಿಯೊ ರಿವ್ಯೂ ಇದೆಯೇ ಇಲ್ಲವೇ, ಡೂ ಆರ್ ಡೈ ರೈಡ್ (ಸತತ ಎರಡು ರೈಡ್ ಖಾಲಿ ಹೋದ ಮೇಲೆ ಪಾಯಿಂಟ್ ತರಲೇಬೇಕಾದ, ತರದಿದ್ದರೆ ರೈಡರ್ ಔಟ್ ಆಗುವ ಮೂರನೆಯ ರೈಡ್) ಇದೆಯೇ ಇಲ್ಲವೇ ಎಂಬುದನ್ನು ಹಾಳೆ ತೋರಿಸಿ ಓದಿಹೇಳಿ. ಲಿಖಿತ ದೂರು ಕೊಡುವುದಾದರೆ ಯಾರಿಗೆ, ಎಷ್ಟು ಹೊತ್ತಿನೊಳಗೆ ಎಂಬುದನ್ನೂ ಹೇಳಿ. ಕೊನೆಗೆ ಬೆಂಚು ತೋರಿಸಿ: "ನಿಮ್ಮ ಜಾಗ ಇದು, ಸರ್." ಆ ಜಾಗಕ್ಕೆ ಒಂದು ಗೆರೆ ಎಳೆದಿದ್ದರೆ ಇನ್ನೂ ಒಳ್ಳೆಯದು. ಗೆರೆ ಇಲ್ಲದ ಕಡೆ ಕೋಚ್ ಒಂದೊಂದೇ ಹೆಜ್ಜೆ ಮುಂದೆ ಬರುತ್ತಾ ವಿರಾಮದ ಹೊತ್ತಿಗೆ ಲಾಬಿಯ ಅಂಚಿನಲ್ಲಿರುತ್ತಾರೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎಂದರೆ ಗದರಿಸುವ ದನಿ. "ಯಾರಾದ್ರೂ ಬಾಯಿಬಿಟ್ರೆ ಕಾರ್ಡು" ಎಂದು ಶುರುಮಾಡಿದರೆ ಎದುರಿನವರು ಪಂದ್ಯಕ್ಕೆ ಮೊದಲೇ ನಿಮ್ಮ ವಿರುದ್ಧ ನಿಲ್ಲುತ್ತಾರೆ.

## ಹಂತ 2: ಅಧಿಕಾರಿಗಳು ತಮ್ಮತಮ್ಮೊಳಗೆ ಒಪ್ಪಂದ ಮಾಡಿಕೊಳ್ಳಿ

ಒಬ್ಬ ರೆಫರಿ, ಇಬ್ಬರು ಅಂಪೈರ್, ಒಬ್ಬ ಸ್ಕೋರರ್, ಇಬ್ಬರು ಸಹಾಯಕ ಸ್ಕೋರರ್. ಇವರ ನಡುವೆ ಒಡಕು ಕಂಡ ಕೂಡಲೇ ಕೋಚ್ ಅಲ್ಲಿ ಕೈ ಹಾಕುತ್ತಾರೆ. ಅದು ಅವರ ತಪ್ಪೂ ಅಲ್ಲ. ಇಬ್ಬರು ಅಂಪೈರ್‌ಗಳು ಎರಡು ಕಡೆ ಕೈ ಎತ್ತಿದರೆ ಯಾರು ತಾನೇ ಸುಮ್ಮನಿರುತ್ತಾರೆ?

ಆದ್ದರಿಂದ ಮೊದಲೇ ಹಂಚಿಕೊಳ್ಳಿ. ರೈಡರ್ ಯಾವ ಮೂಲೆಗೆ ಹೋಗುತ್ತಾನೋ ಆ ಬದಿಯ ಅಂಪೈರ್ ಕೈ ಮತ್ತು ಕಾಲಿನ ಟಚ್ ನೋಡಬೇಕು, ಎದುರು ಬದಿಯವರು ಬೋನಸ್ ಕಾಲು ಮತ್ತು ಹಿಂದಿನ ಪಾದ ನೋಡಬೇಕು. ಎಂಡ್ ಲೈನ್ ದಾಟಿದ್ದಕ್ಕೆ ಸಹಾಯಕ ಸ್ಕೋರರ್ ಸನ್ನೆ ಮಾಡಬೇಕು. ಸೀಟಿ ಊದಿದ ಮೇಲೆ ಕೈ ಎತ್ತುವ ಮೊದಲು ಇಬ್ಬರು ಅಂಪೈರ್‌ಗಳ ಕಣ್ಣು ಒಮ್ಮೆ ಕೂಡಬೇಕು. ಬೇರೆ ಏನೋ ಕಂಡಿದ್ದರೆ ಎದೆಯ ಮೇಲೆ ಕೈ ಇಡುವಂಥ ಒಂದು ಗುಟ್ಟಿನ ಸನ್ನೆ ಇಟ್ಟುಕೊಳ್ಳಿ. ಆಗ ಕೈ ಎತ್ತದೆ ಇಬ್ಬರೂ ರೆಫರಿಯ ಬಳಿ ಹೋಗಿ. ನಿಯಮ ಹೇಳುವುದೂ ಅದನ್ನೇ: ಸಾಮಾನ್ಯವಾಗಿ ಅಂಪೈರ್‌ಗಳ ತೀರ್ಪೇ ಅಂತಿಮ, ಅವರಲ್ಲಿ ಒಮ್ಮತ ಇಲ್ಲದಿದ್ದಾಗ ರೆಫರಿ ತೀರ್ಪು ಕೊಡುತ್ತಾರೆ.

ಇನ್ನೊಂದು ವಿಷಯವನ್ನು ಯಾರೂ ಬರೆಯುವುದಿಲ್ಲ, ಆದರೆ ನಮ್ಮ ಕಡೆಯ ಪಂದ್ಯಗಳಲ್ಲಿ ಅರ್ಧ ಬೆಂಕಿ ಹಚ್ಚುವುದು ಅದೇ. ಅದು ಮೈಕ್ ಹಿಡಿದ ವೀಕ್ಷಕ ವಿವರಣೆಗಾರ. ಅಂಪೈರ್ ಕೈ ಏಳುವ ಮೊದಲೇ ಅವರು "ಸೂಪರ್ ರೈಡ್, ಮೂರು ಪಾಯಿಂಟ್!" ಎಂದು ಕೂಗಿಬಿಟ್ಟರೆ, ಆಮೇಲೆ ನೀವು ಒಂದು ಪಾಯಿಂಟ್ ಕೊಟ್ಟದ್ದು ಕಿತ್ತುಕೊಂಡಂತೆ ಕಾಣುತ್ತದೆ. ಪಂದ್ಯಕ್ಕೆ ಮೊದಲು ಅವರ ಬಳಿ ಹೋಗಿ, "ಅಂಪೈರ್ ಕೈ ನೋಡಿ ಆಮೇಲೆ ಹೇಳಿ, ತೀರ್ಪು ಸರಿಯೋ ತಪ್ಪೋ ಅಂತ ಮೈಕ್‌ನಲ್ಲಿ ಆಡಬೇಡಿ" ಎಂದು ವಿನಯದಿಂದ ಹೇಳಿ. ಸಂಘಟಕರ ಎದುರೇ ಹೇಳಿ.

## ಹಂತ 3: ತೀರ್ಪು ಕೊಡುವ ಕ್ರಮ

ಸೀಟಿ, ಸನ್ನೆ, ಬಾಯಿಮಾತು, ಸ್ಕೋರ್. ಈ ನಾಲ್ಕೂ ಇದೇ ಕ್ರಮದಲ್ಲಿ ಆಗಬೇಕು, ಕೆಲವೇ ಸೆಕೆಂಡುಗಳಲ್ಲಿ ಮುಗಿಯಬೇಕು.

ಸೀಟಿ ಒಂದೇ ಸಲ, ಜೋರಾಗಿ. ಕೈ ನೇರವಾಗಿ, ಪಾಯಿಂಟ್ ಪಡೆದ ತಂಡದ ಕಡೆಗೆ. ಬಳಿಕ ಒಂದೇ ವಾಕ್ಯ: "ಬಲ ಮೂಲೆಯವನಿಗೆ ಕಾಲು ಟಚ್, ಒಂದು ಪಾಯಿಂಟ್." ಔಟಾದ ಆಟಗಾರನನ್ನು ಬೆರಳಿಟ್ಟು ತೋರಿಸಿ ಹೊರಗೆ ಕಳಿಸಿ. ಸ್ಕೋರರ್ ಬರೆದುಕೊಂಡರೇ ಎಂದು ತಿರುಗಿ ನೋಡಿ.

ತಕರಾರು ಕೇಳುವುದೇನಿದ್ದರೂ ಇದೆಲ್ಲ ಆದ ಮೇಲೆ. ಹೊಸಬರು ಸೀಟಿ ಊದಿ, ಕೈ ಎತ್ತುವ ಮೊದಲೇ ಕೂಗುವ ಕೋಚ್ ಕಡೆ ಮುಖ ತಿರುಗಿಸುತ್ತಾರೆ. ಆಗ ಇಡೀ ಮೈದಾನಕ್ಕೆ ತೀರ್ಪು ಇನ್ನೂ ಆಗಿಲ್ಲ, ಕೂಗಿದರೆ ಬದಲಾಗಬಹುದು ಎಂಬ ಸಂದೇಶ ಹೋಗುತ್ತದೆ. ಕೈ ಅರ್ಧ ಎತ್ತಿ ಇಳಿಸಿ ಮತ್ತೆ ಎತ್ತುವುದೂ ಅಷ್ಟೇ ಅಪಾಯ. ಖಚಿತ ಇಲ್ಲದಿದ್ದರೆ ಕೈ ಎತ್ತಲೇ ಬೇಡಿ, ಜೊತೆಗಾರರ ಹತ್ತಿರ ಹೋಗಿ.

## ಹಂತ 4: ತಕರಾರು ಯಾವ ಬಗೆಯದು ಎಂದು ಗುರುತಿಸಿ

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕೋಚ್ ಎತ್ತುವ ದನಿ ಒಂದೇ ಆಗಿದ್ದರೂ ತಕರಾರು ನಾಲ್ಕು ಬಗೆಯದಿರುತ್ತದೆ. ಒಂದೊಂದಕ್ಕೂ ಉತ್ತರ ಬೇರೆ.

ಲೆಕ್ಕದ ತಕರಾರು. "ಆಗ ಒಳಗೆ ಆರು ಜನ ಇದ್ದರು, ಬೋನಸ್ ಇದೆ." "ರಿವೈವಲ್‌ನಲ್ಲಿ ಬರಬೇಕಾದವನು ಅವನಲ್ಲ, ಇವನು." "ಲೋನಾದ ಎರಡು ಪಾಯಿಂಟ್ ಸೇರಿಸಿಲ್ಲ." (ರಿವೈವಲ್ ಎಂದರೆ ಔಟಾದವರು ಮತ್ತೆ ಒಳಗೆ ಬರುವುದು, ಲೋನಾ ಎಂದರೆ ಎದುರು ತಂಡದ ಎಲ್ಲರನ್ನೂ ಔಟ್ ಮಾಡುವುದು.) ಇದು ಕಾಗದದಲ್ಲಿ ತೀರುವ ಮಾತು. ಟೈಮ್ ಔಟ್ ಕೊಟ್ಟು ಸ್ಕೋರ್ ಶೀಟ್ ನೋಡಿ, ತಪ್ಪಿದ್ದರೆ ಅಲ್ಲೇ ತಿದ್ದಿ, ಇಬ್ಬರು ಕ್ಯಾಪ್ಟನ್‌ಗಳಿಗೂ ಹೇಳಿ. ಇಲ್ಲಿ ಬಿಗುಮಾನ ತೋರಿಸಬೇಡಿ. ಲೆಕ್ಕದ ತಪ್ಪನ್ನು ಕೂಡಲೇ ತಿದ್ದುವ ತೀರ್ಪುಗಾರರ ಕಣ್ಣನ್ನು ಜನ ಹೆಚ್ಚು ನಂಬುತ್ತಾರೆ.

ನಿಯಮದ ತಕರಾರು. ನಡೆದದ್ದು ಏನೆಂದು ಇಬ್ಬರೂ ಒಪ್ಪುತ್ತಾರೆ. ಅದಕ್ಕೆ ನಿಯಮ ಏನನ್ನುತ್ತದೆ ಎಂಬುದೇ ಜಗಳ. ಇದಕ್ಕೆ ದೊಡ್ಡ ಉದಾಹರಣೆ 2023ರ ಅಕ್ಟೋಬರ್ 7ರಂದು ಹ್ಯಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಡೆದ ಪುರುಷರ ಫೈನಲ್. ಭಾರತ ಮತ್ತು ಇರಾನ್ 28–28ರಲ್ಲಿದ್ದವು, ಆಟ ಮುಗಿಯುತ್ತಾ ಬಂದಿತ್ತು. ಡೂ ಆರ್ ಡೈ ರೈಡ್‌ಗೆ ಹೋದ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟರು, ಬೆನ್ನತ್ತಿದ ಇರಾನ್ ಡಿಫೆಂಡರ್‌ಗಳೂ ಲಾಬಿಗೆ ಹೋದರು. ಹಳೆಯ ನಿಯಮದಂತೆ ಹಾಗೆ ಹೋದ ಡಿಫೆಂಡರ್‌ಗಳೂ ಔಟ್. ಹೊಸ ನಿಯಮದಂತೆ ರೈಡರ್ ಮಾತ್ರ ಔಟ್, ಆಟ ಅಲ್ಲಿಗೇ ನಿಂತಂತೆ. ಕಾಲು ಎಲ್ಲಿತ್ತು ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಯಾವ ನಿಯಮ ಎಂಬುದೇ ಇತ್ಯರ್ಥವಾಗದೆ ತೀರ್ಪು ಅತ್ತಿತ್ತ ಹೊಯ್ದಾಡಿತು, ಆಟಗಾರರು ಮ್ಯಾಟ್ ಮೇಲೆ ಕುಳಿತರು, ಸುಮಾರು ಒಂದು ಗಂಟೆ ಪಂದ್ಯ ನಿಂತಿತು. ಕೊನೆಗೆ ಭಾರತಕ್ಕೆ ನಾಲ್ಕು, ಇರಾನ್‌ಗೆ ಒಂದು ಪಾಯಿಂಟ್ ಕೊಟ್ಟು ಆಟ ಮುಂದುವರಿಸಿದರು. ಭಾರತ 33–29ರಲ್ಲಿ ಗೆದ್ದಿತು.

ಅಷ್ಟು ದೊಡ್ಡ ಕೂಟದಲ್ಲೇ ಹಾಗಾದರೆ ನಮ್ಮ ತಾಲ್ಲೂಕು ಮೈದಾನದಲ್ಲಿ ಆಗದೇ? ಹುಡುಗರು ಪ್ರೊ ಕಬಡ್ಡಿ ನೋಡಿ ಬೆಳೆದಿರುತ್ತಾರೆ, ಪಂದ್ಯಾವಳಿ ನಡೆಯುವುದು ಬೇರೆ ನಿಯಮದಲ್ಲಿ. ಅದಕ್ಕೇ ಹಂತ 1ರಲ್ಲಿ ಲಾಬಿ ನಿಯಮ ಓದಿಹೇಳಿ ಎಂದದ್ದು. ನಿಯಮದ ತಕರಾರು ಬಂದರೆ ಆಟ ನಿಲ್ಲಿಸಿ, ಹಾಳೆ ತೆರೆದು, ಆ ಸಾಲನ್ನು ಇಬ್ಬರು ಕೋಚ್‌ಗಳಿಗೂ ತೋರಿಸಿ. ತೀರ್ಪು ಬದಲಾಗಬೇಕಿದ್ದರೆ ಒಂದೇ ಸಲ ಬದಲಾಗಲಿ. ಎರಡನೇ ಸಲ ಬದಲಿಸಿದ ತೀರ್ಪನ್ನು ಯಾವ ತಂಡವೂ ಒಪ್ಪುವುದಿಲ್ಲ.

ಕಣ್ಣಿನ ತಕರಾರು. ಟಚ್ ಆಯಿತೋ ಇಲ್ಲವೋ, ಕ್ಯಾಂಟ್ (ರೈಡರ್ ಬಿಡದೆ ಹೇಳಬೇಕಾದ 'ಕಬಡ್ಡಿ ಕಬಡ್ಡಿ') ಕಡಿಯಿತೋ ಇಲ್ಲವೋ, ಹಿಂದಿನ ಪಾದ ಗಾಳಿಯಲ್ಲಿತ್ತೋ ನೆಲದಲ್ಲಿತ್ತೋ, ಎಳೆದದ್ದು ಬಟ್ಟೆಯನ್ನೋ ತೊಡೆಯನ್ನೋ. ಇದನ್ನು ತೀರಿಸುವ ಕಾಗದ ಇಲ್ಲ. ಕಂಡದ್ದನ್ನು ಕಂಡಂತೆ ಒಮ್ಮೆ ಹೇಳಬಹುದು, ಅಷ್ಟೇ. ಚರ್ಚೆಯಿಂದ ಇದು ಬದಲಾಗಬಾರದು. ಅಂಪೈರ್‌ಗಳಲ್ಲಿ ಒಬ್ಬರಿಗೆ ಬೇರೆ ಕಂಡಿದ್ದರೆ ಮಾತ್ರ ರೆಫರಿಗೆ ಹೋಗುತ್ತದೆ. ಕೋಚ್‌ಗೆ ಬೇರೆ ಕಂಡಿತು ಎಂಬ ಕಾರಣಕ್ಕೆ ಹೋಗುವುದಿಲ್ಲ.

ಒತ್ತಡದ ತಕರಾರು. ಈ ಪಾಯಿಂಟ್ ಹೋಯಿತು ಎಂದು ಕೋಚ್‌ಗೂ ಗೊತ್ತು. ಮುಂದಿನದು ತಮ್ಮ ಕಡೆ ಬರಲಿ ಎಂದು ಕೂಗುತ್ತಿದ್ದಾರೆ. ಗುರುತು ಏನೆಂದರೆ ಅವರ ಮಾತಿನಲ್ಲಿ ಈ ರೈಡ್‌ನ ಕಾಲು, ಕೈ, ಗೆರೆ ಯಾವುದೂ ಇರುವುದಿಲ್ಲ. "ಮೊದಲಿಂದ್ಲೂ ನೋಡ್ತಾ ಇದೀನಿ", "ಅವ್ರ ಕಡೆಯವರೇ ನೀವು" ಇಂಥವೇ ಇರುತ್ತವೆ. ಇದಕ್ಕೆ ವಿವರಣೆ ಬೇಡ. ನೇರ ಹಂತ 6ಕ್ಕೆ ಹೋಗಿ.

ಬಗೆ ತಪ್ಪಾಗಿ ಗುರುತಿಸಿದರೆ ಎರಡೂ ಕಡೆ ನಷ್ಟ. ಲೆಕ್ಕದ ತಕರಾರಿಗೆ "ತೀರ್ಪೇ ಅಂತಿಮ" ಎಂದರೆ ನ್ಯಾಯವಾದ ಮಾತಿಗೆ ಬಾಗಿಲು ಹಾಕಿದಂತೆ. ಕಣ್ಣಿನ ತಕರಾರಿಗೆ ಐದು ನಿಮಿಷ ಚರ್ಚೆ ಮಾಡಿದರೆ ಪ್ರತಿ ಟಚ್‌ಗೂ ಕೋಚ್ ಎದ್ದು ಬರುತ್ತಾರೆ.

## ಹಂತ 5: ಏನು ಹೇಳಬೇಕು, ಹೇಗೆ ನಿಲ್ಲಬೇಕು

ಹುಡುಗರ ಪಂದ್ಯ, ಎರಡನೇ ಅರ್ಧ, ಸಮಬಲ ಎಂದಿಟ್ಟುಕೊಳ್ಳಿ. ಆರು ಡಿಫೆಂಡರ್‌ಗಳಿದ್ದಾರೆ. ರೈಡರ್ ಎಡಗಾಲನ್ನು ಬೋನಸ್ ಗೆರೆಯಾಚೆ ಚಾಚಿದ, ಬಲಗಾಲ ಹೆಬ್ಬೆರಳು ಮಣ್ಣನ್ನು ಕೆರೆಯುತ್ತಲೇ ಇತ್ತು, ಸಣ್ಣಗೆ ಧೂಳೆದ್ದಿತು. ಅಂಪೈರ್ ಬೋನಸ್ ಕೊಡಲಿಲ್ಲ. ಕೋಚ್ ಎದ್ದರು.

"ಏನ್ ಸಾರ್ ಇದು? ಕಾಲು ಗೆರೆ ದಾಟಿದ್ದು ಇಡೀ ಫೀಲ್ಡಿಗೆ ಕಾಣ್ತು!"

"ಎಡಗಾಲು ದಾಟಿತು, ಸರ್. ಬಲಗಾಲ ಬೆರಳು ನೆಲ ಬಿಟ್ಟಿರಲಿಲ್ಲ. ಬೋನಸ್ ಇಲ್ಲ."

"ಬಿಟ್ಟಿತ್ತು ಸಾರ್, ನಾನ್ ನೋಡ್ದೆ!"

"ನಿಮ್ಮ ಮಾತು ಕೇಳಿಸ್ಕೊಂಡೆ ಸರ್. ನಾನು ಕಂಡಿದ್ದು ಹೇಳಿದ್ದೀನಿ. ಬೆಂಚಿಗೆ ಹೋಗಿ, ಆಟ ಶುರು ಮಾಡೋಣ."

ಅಷ್ಟೇ. ಮೂರನೇ ಉತ್ತರ ಇಲ್ಲ. ಮೊದಲ ಉತ್ತರದಲ್ಲಿ ಕಂಡದ್ದು ಇದೆ, ಎರಡನೆಯದರಲ್ಲಿ ಕೇಳಿಸಿಕೊಂಡದ್ದು ಇದೆ, ಮುಂದಿನ ಕೆಲಸವೂ ಇದೆ. ಅಂಪೈರ್ "ದಾಟಿಲ್ಲ" ಎನ್ನಲಿಲ್ಲ ಎಂಬುದನ್ನು ಗಮನಿಸಿ. ಕಾಲು ದಾಟಿದ್ದು ನಿಜ, ಅದನ್ನು ಒಪ್ಪಿಕೊಂಡೇ ತೀರ್ಪಿನ ಕಾರಣ ಹೇಳಿದರು. ಕೋಚ್ ಕಂಡದ್ದನ್ನೂ ಸುಳ್ಳು ಎನ್ನಲಿಲ್ಲ. ಬರೀ "ಇಲ್ಲ, ಇಲ್ಲ" ಎಂದರೆ ಮಾತು ಜಗಳವಾಗುತ್ತದೆ. ಬೆರಳು, ನೆಲ, ಗೆರೆ ಎಂದು ಹೇಳಿದರೆ ನೀವು ನೋಡುತ್ತಿದ್ದಿರಿ ಎಂಬುದು ಎದುರಿನವರಿಗೆ ತಿಳಿಯುತ್ತದೆ.

ನಿಲ್ಲುವ ರೀತಿಯೂ ಮುಖ್ಯ. ಎದೆಗೆ ಎದೆ ಕೊಟ್ಟು ನಿಲ್ಲಬೇಡಿ. ಒಂದೂವರೆ ಹೆಜ್ಜೆ ದೂರದಲ್ಲಿ, ತುಸು ಓರೆಯಾಗಿ ನಿಂತು ಅಂಕಣವೂ ಕಣ್ಣಿಗೆ ಬೀಳುವಂತೆ ನೋಡಿಕೊಳ್ಳಿ. ಕೈ ಕಟ್ಟಬೇಡಿ, ಬೆರಳು ತೋರಿಸಬೇಡಿ. ನಗಬೇಡಿ, ಆ ಹೊತ್ತಿನ ನಗುವನ್ನು ಕೋಚ್ ಅವಮಾನವೆಂದೇ ತಿಳಿಯುತ್ತಾರೆ. ಅವರು ದನಿ ಎತ್ತಿದಷ್ಟೂ ನೀವು ಇಳಿಸಿ. ಭುಜದ ಮೇಲೆ ಕೈಹಾಕಿ ಸಮಾಧಾನ ಮಾಡುವ ಅಭ್ಯಾಸ ನಮ್ಮಲ್ಲಿದೆ. ಅದನ್ನೂ ಬಿಡಿ, ಎದುರು ತಂಡ ಅದನ್ನು ಸಲಿಗೆ ಎಂದು ಓದುತ್ತದೆ.

ಹೇಳಬಾರದ ಮಾತುಗಳು: "ನಂಗೆ ನಿಯಮ ಹೇಳ್ಕೊಡ್ತೀರಾ?", "ಮುಂದಿನ ಸಲ ನೋಡೋಣ ಬಿಡಿ", "ನಾನಲ್ಲ, ಆ ಅಂಪೈರ್ ಕೊಟ್ಟಿದ್ದು". ಮೂರನೆಯದು ಎಲ್ಲಕ್ಕಿಂತ ಕೆಟ್ಟದು. ಜೊತೆಗಾರರನ್ನು ಬಿಟ್ಟುಕೊಟ್ಟ ಕ್ಷಣ ನಿಮ್ಮ ಇಡೀ ತಂಡ ಸೋತಿತು.

### ಕೋಚ್ ನಿಮ್ಮ ಹಿರಿಯರೇ ಆಗಿದ್ದರೆ

ಇದನ್ನು ಬಿಡಿಸಿ ಹೇಳಲೇಬೇಕು. ಶಾಲಾ ಕೂಟಗಳಲ್ಲಿ ತೀರ್ಪುಗಾರರೂ ದೈಹಿಕ ಶಿಕ್ಷಕರು, ಕೋಚ್‌ಗಳೂ ದೈಹಿಕ ಶಿಕ್ಷಕರು. ಎದುರು ನಿಂತು ಕೂಗುವವರು ನಿಮಗೆ ಕಬಡ್ಡಿ ಕಲಿಸಿದ ಮೇಷ್ಟ್ರೇ ಇರಬಹುದು, ನಾಳೆ ಅದೇ ಶಿಬಿರದಲ್ಲಿ ಒಟ್ಟಿಗೆ ಊಟಕ್ಕೆ ಕೂರಬೇಕಾದವರಿರಬಹುದು. ಗೌರವ ಬಿಡಬೇಕಿಲ್ಲ. "ಗುರುಗಳೇ" ಎಂದೇ ಕರೆಯಿರಿ, ಆದರೆ ವಾಕ್ಯದ ಉಳಿದ ಭಾಗ ಬದಲಾಗಬಾರದು: "ಗುರುಗಳೇ, ಟಚ್ ಆಗಿದೆ. ಬೆಂಚಿಗೆ ದಯಮಾಡಿಸಿ." ಆದರೆ ಎದುರು ತಂಡದ ಕೋಚ್‌ಗೂ ಅಷ್ಟೇ ಮರ್ಯಾದೆಯ ಮಾತು ಸಿಗಬೇಕು. ಒಬ್ಬರಿಗೆ "ಗುರುಗಳೇ", ಇನ್ನೊಬ್ಬರಿಗೆ "ರೀ ಬನ್ರಿ ಈ ಕಡೆ" ಎಂದರೆ ಪಕ್ಷಪಾತದ ಆರೋಪಕ್ಕೆ ನೀವೇ ಸಾಕ್ಷಿ ಒದಗಿಸಿದಂತೆ. ನಿಮ್ಮ ಶಾಲೆಯ ಇಲ್ಲವೇ ನಿಮ್ಮ ಊರಿನ ತಂಡ ಆಡುವ ಪಂದ್ಯವನ್ನು ಮೊದಲೇ ಬೇರೆಯವರಿಗೆ ಬಿಟ್ಟುಕೊಡಿ.

ಅಂಪೈರ್ ಮಹಿಳೆಯಾಗಿದ್ದಾಗ ಕೆಲವು ಕೋಚ್‌ಗಳು ಅವರನ್ನು ದಾಟಿ ನೇರ ಗಂಡಸು ರೆಫರಿಯ ಬಳಿ ಹೋಗುತ್ತಾರೆ. ರೆಫರಿ ಹೇಳಬೇಕಾದ್ದು ಒಂದೇ: "ತೀರ್ಪು ಮೇಡಂ ಅವರದು, ಅವರು ಆಗಲೇ ಹೇಳಿದ್ದಾರೆ." ಅಲ್ಲಿ ನಿಂತು ಹೊಸದಾಗಿ ವಿವರಣೆ ಕೊಡಲು ಶುರುಮಾಡಿದರೆ ಆ ಅಂಪೈರ್ ಮುಂದೆ ಕೊಡುವ ಪ್ರತಿ ತೀರ್ಪೂ ಪ್ರಶ್ನೆಗೆ ಒಳಗಾಗುತ್ತದೆ.

## ಹಂತ 6: ಎಚ್ಚರಿಕೆಯಿಂದ ಕಾರ್ಡ್‌ವರೆಗೆ

ತೀರ್ಪಿನ ಬಗ್ಗೆ ಅಧಿಕಾರಿಗಳನ್ನು ಬಿಡದೆ ಪೀಡಿಸುವುದು, ಅವಹೇಳನ ಮಾಡುವುದು, ಬೆರಳು ತೋರಿಸಿ ಅಪೀಲು ಮಾಡುವುದು, ಹೊರಗಿನಿಂದ ಕೋಚಿಂಗ್ ಮಾಡುವುದು, ಇವೆಲ್ಲ ನಿಯಮಾವಳಿಯಲ್ಲಿ ಪಟ್ಟಿಯಾಗಿರುವ ಫೌಲ್‌ಗಳು. ಎಚ್ಚರಿಸುವ, ಎದುರು ತಂಡಕ್ಕೆ ಟೆಕ್ನಿಕಲ್ ಪಾಯಿಂಟ್ ಕೊಡುವ, ಹೊರಗೆ ಕಳಿಸುವ ಅಧಿಕಾರ ನಿಮಗಿದೆ. ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಬಳಸಿ.

1. ಮೊದಲು ಕ್ಯಾಪ್ಟನ್ ಮೂಲಕ ಮೆಲ್ಲಗೆ ಹೇಳಿಸಿ: "ನಿಮ್ಮ ಸರ್‌ಗೆ ಹೇಳಪ್ಪಾ, ಇನ್ನೊಮ್ಮೆ ಎದ್ದು ಬಂದ್ರೆ ಕಾರ್ಡ್ ತೆಗೀಬೇಕಾಗುತ್ತೆ." ಬಹಳಷ್ಟು ಸಲ ಇಲ್ಲಿಗೇ ಮುಗಿಯುತ್ತದೆ, ಕೋಚ್‌ಗೂ ಮುಖಭಂಗ ಆಗುವುದಿಲ್ಲ.
2. ಹಸಿರು, ಅಂದರೆ ಎಚ್ಚರಿಕೆ. ಆಟ ನಿಲ್ಲಿಸಿ, ಕೋಚ್ ಎದುರು ನಡೆದುಹೋಗಿ, ಎಲ್ಲರಿಗೂ ಕಾಣುವಂತೆ ತೋರಿಸಿ. ಸಮಯ ಮತ್ತು ಕಾರಣವನ್ನು ಸ್ಕೋರ್ ಶೀಟ್‌ನಲ್ಲಿ ಬರೆಸಿ.
3. ಹಳದಿ. ಎರಡು ನಿಮಿಷ ಹೊರಗೆ.
4. ಕೆಂಪು. ಆ ಪಂದ್ಯದಿಂದಲೇ ಹೊರಗೆ.

ಕೋಚ್‌ಗೆ ಹೊರಗೆ ಎಂದರೆ ಎಲ್ಲಿ ಎಂಬುದನ್ನು ಬೆರಳಿಟ್ಟು ತೋರಿಸಿ. ಬೆಂಚಿನ ಹಿಂದೆ ಹೋಗಿ ನಿಂತು ಅಲ್ಲಿಂದಲೇ ಕೂಗುವುದು ಹೊರಗೆ ಹೋದದ್ದಲ್ಲ. ಜೊತೆಗೆ ಬಂದ ಶಿಕ್ಷಕರೊಬ್ಬರು ತಂಡದ ಹೊಣೆ ವಹಿಸಿಕೊಂಡರೇ ಎಂದು ಖಚಿತ ಮಾಡಿಕೊಳ್ಳಿ. ಮಕ್ಕಳ ತಂಡವನ್ನು ದೊಡ್ಡವರಿಲ್ಲದೆ ಬಿಡಬಾರದು.

ಕಾರ್ಡ್ ತೋರಿಸುವ ಕೆಲಸ ರೆಫರಿಯೊಬ್ಬರ ಕೈಯಲ್ಲಿದ್ದರೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ತೀರ್ಪು ಕೊಟ್ಟ ಅಂಪೈರ್ ತಾನೇ ಕಾರ್ಡ್ ಎತ್ತಿದರೆ ಸೇಡಿನಂತೆ ಕಾಣುತ್ತದೆ. ಹಾಗೆಯೇ, ಬೈಗುಳ ಅಥವಾ ಕೈ ಮಾಡಿದ ಸಂದರ್ಭದಲ್ಲಿ ಮೆಟ್ಟಿಲು ಎಣಿಸುತ್ತಾ ಕೂರಬೇಡಿ, ನೇರ ಕೆಂಪು.

ಕಾರ್ಡ್ ತೋರಿಸುತ್ತೇನೆ ಎಂದು ಮೂರು ಸಲ ಹೆದರಿಸಿ ತೋರಿಸದೆ ಉಳಿಯುವವರೇ ಹೆಚ್ಚು. ಆಮೇಲೆ ನಾಲ್ಕನೇ ಸಲ ತೋರಿಸಿದಾಗ ಕೋಚ್ ನ್ಯಾಯವಾಗಿಯೇ ಕೇಳುತ್ತಾರೆ, ಇಷ್ಟು ಹೊತ್ತು ಇಲ್ಲದ್ದು ಈಗೇಕೆ ಎಂದು.

## ಹಂತ 7: ಪರಿಹಾರದ ಪಾಯಿಂಟ್ ಎಂಬ ವಿಷ

ತಕರಾರು ಮುಗಿದು ಆಟ ಶುರುವಾಗಿದೆ. ನಿಮಗೆ ಒಳಗೊಳಗೇ ಅಳುಕು, ಆ ಟಚ್ ನಿಜವಾಗಿಯೂ ಆಯಿತೇ? ಮುಂದಿನ ರೈಡ್‌ನಲ್ಲಿ ಅನುಮಾನದ ಒಂದು ಬೋನಸ್ ಬಂತು. ಕೊಟ್ಟುಬಿಟ್ಟರೆ ಸರಿಹೋಗುತ್ತದೆ ಎಂದು ಮನಸ್ಸು ಹೇಳುತ್ತದೆ.

ಕೊಡಬೇಡಿ. ತಪ್ಪಿದ್ದ ಒಂದು ತೀರ್ಪು ಎರಡಾಗುತ್ತದೆ. ಇನ್ನೂ ಕೆಟ್ಟದ್ದೆಂದರೆ, ಕೂಗಿದ ಕೋಚ್‌ಗೆ ಕೂಗಿದರೆ ಸಿಗುತ್ತದೆ ಎಂದು ತಿಳಿಯುತ್ತದೆ, ಸುಮ್ಮನಿದ್ದ ಕೋಚ್‌ಗೆ ತಾನೂ ಕೂಗಬೇಕಿತ್ತು ಎಂದು ತಿಳಿಯುತ್ತದೆ. ಹತ್ತು ನಿಮಿಷದಲ್ಲಿ ಇಬ್ಬರೂ ನಿಂತುಕೊಂಡಿರುತ್ತಾರೆ. ನಮ್ಮ ಪಂದ್ಯಗಳಲ್ಲಿ ತೀರ್ಪುಗಾರಿಕೆಯ ಮೇಲಿನ ನಂಬಿಕೆ ಕೆಟ್ಟದ್ದು ಕೆಟ್ಟ ಕಣ್ಣಿನಿಂದ ಅಷ್ಟಾಗಿ ಅಲ್ಲ, ಈ ಹಂಚಿಕೊಡುವ ಚಾಳಿಯಿಂದ.

ತೀರ್ಪು ನಿಜಕ್ಕೂ ತಪ್ಪಾಗಿದ್ದು ಜೊತೆಗಾರ ಅಂಪೈರ್ ನೋಡಿದ್ದರೆ, ಮುಂದಿನ ರೈಡ್ ಶುರುವಾಗುವ ಮೊದಲು ರೆಫರಿಯ ಮೂಲಕ ತಿದ್ದಿ. "ಎದುರು ಬದಿಯ ಅಂಪೈರ್‌ಗೆ ಸ್ಪಷ್ಟವಾಗಿ ಕಂಡಿದೆ, ಟಚ್ ಇಲ್ಲ" ಎಂದು ಗಟ್ಟಿಯಾಗಿ ಹೇಳಿ. ರೈಡ್ ಶುರುವಾದ ಮೇಲೆ ಹಿಂದಿನದು ಮುಗಿಯಿತು.

## ಹಂತ 8: ಮೊಬೈಲ್ ವಿಡಿಯೊ ತಂದು ತೋರಿಸಿದಾಗ

ಈಗ ಪ್ರತಿ ಪಂದ್ಯದಲ್ಲೂ ಇದು ಇದ್ದದ್ದೇ. ಪಂದ್ಯಾವಳಿಯ ನಿಯಮದಲ್ಲಿ ರಿವ್ಯೂ ಇಲ್ಲದಿದ್ದರೆ ಪರದೆಯತ್ತ ಕಣ್ಣು ಹಾಯಿಸಲೂ ಬೇಡಿ. ಒಮ್ಮೆ ನೋಡಿದಿರಿ ಎಂದರೆ ಎದುರು ತಂಡವೂ ಇನ್ನೊಂದು ಮೊಬೈಲ್ ತರುತ್ತದೆ. ಪ್ರೇಕ್ಷಕರ ನಡುವಿನಿಂದ ಓರೆಯಾಗಿ ತೆಗೆದ ವಿಡಿಯೊದಲ್ಲಿ ಬೆರಳಿಗೂ ಜರ್ಸಿಗೂ ನಡುವಿನ ಒಂದು ಅಂಗುಲ ಕಾಣುವುದಿಲ್ಲ. ಹೊನಲು ಬೆಳಕಿನಲ್ಲಿ ನೆರಳು ಬಿದ್ದು ಟಚ್ ಆಗದ್ದೂ ಆದಂತೆ ಕಾಣುತ್ತದೆ. ಹೇಳಬೇಕಾದ್ದು: "ಈ ಕೂಟದಲ್ಲಿ ವಿಡಿಯೊ ಇಲ್ಲ ಸರ್, ಪಂದ್ಯಕ್ಕೆ ಮೊದಲೇ ಹೇಳಿದ್ವಿ. ಬರಹದಲ್ಲಿ ದೂರು ಕೊಡಬಹುದು."

## ಅಪಾಯದ ಗುರುತುಗಳು

ಇವುಗಳಲ್ಲಿ ಒಂದು ಕಂಡರೂ ಕಾಯದೆ ಅಫಿಷಿಯಲ್ ಟೈಮ್ ಔಟ್ ಕೊಡಿ:

- ಕೋಚ್ ನಿಮ್ಮೊಂದಿಗೆ ಮಾತಾಡುವುದನ್ನು ಬಿಟ್ಟು ಪ್ರೇಕ್ಷಕರ ಕಡೆ ತಿರುಗಿ ಕೈ ಬೀಸುತ್ತಿದ್ದಾರೆ.
- ಮೀಸಲು ಆಟಗಾರರು ಬೆಂಚಿನಿಂದ ಎದ್ದು ನಿಂತಿದ್ದಾರೆ.
- ಸ್ಕೋರರ್ ಮೇಜಿನ ಸುತ್ತ ಜನ ಸೇರುತ್ತಿದ್ದಾರೆ. ಸ್ಕೋರ್ ಶೀಟ್ ಕೈಬದಲಾದರೆ ಪಂದ್ಯವೇ ಹೋಯಿತು, ಅದನ್ನು ಮೊದಲು ಕಾಪಾಡಿ.
- ಡಿಫೆಂಡರ್‌ಗಳ ಹಿಡಿತ ಒರಟಾಗಿದೆ. ಕೋಚ್‌ನ ಸಿಟ್ಟು ಮಕ್ಕಳ ಮೈಗೆ ಇಳಿದಿದೆ ಎಂದರ್ಥ. ಕತ್ತು ಹಿಡಿಯುವುದು, ಬಾಯಿ ಮುಚ್ಚುವುದು, ಕಾಲು ಕತ್ತರಿ ಹಾಕುವುದು ಶುರುವಾದರೆ ಫೌಲ್ ಕೊಡಲು ಒಂದು ಸೆಕೆಂಡೂ ತಡಮಾಡಬೇಡಿ. ಮೊಣಕಾಲು ತಿರುಚಿದರೆ ಆ ಹುಡುಗನ ಆಟ ಅಲ್ಲಿಗೇ ಮುಗಿಯಬಹುದು.
- ತಂಡ ರೈಡರ್‌ನನ್ನು ಕಳಿಸದೆ ನಿಂತಿದೆ.

ಕೊನೆಯದಕ್ಕೆ ನಿಯಮದಲ್ಲೇ ದಾರಿ ಇದೆ. 5 ಸೆಕೆಂಡಿನೊಳಗೆ ರೈಡ್ ಶುರು ಮಾಡದಿರುವುದು ಫೌಲ್. ಆದರೆ ಇಡೀ ತಂಡ ಆಡುವುದಿಲ್ಲ ಎಂದು ಕುಳಿತರೆ ಟೆಕ್ನಿಕಲ್ ಪಾಯಿಂಟ್‌ಗಳನ್ನು ಒಂದರ ಮೇಲೊಂದು ಕೊಡುತ್ತಾ ಹೋಗಬೇಡಿ, ಅದು ಉರಿಗೆ ತುಪ್ಪ. ಗಡಿಯಾರ ನಿಲ್ಲಿಸಿ, ಕ್ಯಾಪ್ಟನ್‌ನನ್ನು ಕರೆದು ಪಂದ್ಯಾವಳಿ ಸಮಿತಿಯವರ ಎದುರು ಕೇಳಿ: "ನಿಮ್ಮ ತಂಡ ಆಡುತ್ತಾ, ಇಲ್ವಾ?" ಯೋಚಿಸಲು ಕೊಡುವ ಸಮಯವನ್ನು ಗಟ್ಟಿಯಾಗಿ ಹೇಳಿ, ಬರೆಸಿ. ಆ ಸಮಯ ಮೀರಿದರೆ ಮುಂದಿನ ನಿರ್ಧಾರ ಸಮಿತಿಯದು. ಜನ ಅಂಕಣಕ್ಕೆ ನುಗ್ಗಿದರೆ ತೀರ್ಪುಗಾರರೆಲ್ಲ ಒಂದೇ ಕಡೆ ಸೇರಿ ಸ್ಕೋರರ್ ಮೇಜಿನ ಬಳಿ ನಿಲ್ಲಿ. ಒಬ್ಬೊಬ್ಬರೇ ಜನರ ನಡುವೆ ಸಿಕ್ಕಿಕೊಳ್ಳಬೇಡಿ. ಪೊಲೀಸರು ಬರುವವರೆಗೆ ಆಟ ಶುರು ಮಾಡುವ ಒತ್ತಡಕ್ಕೆ ಮಣಿಯಬೇಡಿ.

## ಹಂತ 9: ಪಂದ್ಯ ಮುಗಿದ ಮೇಲೆ

ಕೊನೆಯ ಸೀಟಿಯ ಬಳಿಕ ನೇರ ಸ್ಕೋರರ್ ಮೇಜಿಗೆ. ಕೂಡಿದ ಲೆಕ್ಕ ನೋಡಿ, ರೆಫರಿ, ಅಂಪೈರ್, ಸ್ಕೋರರ್ ಎಲ್ಲರೂ ಸಹಿ ಹಾಕಿ, ಇಬ್ಬರು ಕ್ಯಾಪ್ಟನ್‌ಗಳ ಸಹಿ ಪಡೆಯಿರಿ. ಸೋತ ತಂಡ ಸಹಿ ಹಾಕಲು ಒಪ್ಪದಿದ್ದರೆ ಬಲವಂತ ಬೇಡ, "ಸಹಿಗೆ ನಿರಾಕರಿಸಿದರು" ಎಂದು ಸಮಯ ಸಹಿತ ಬರೆದು ಸಮಿತಿಯ ಒಬ್ಬರಿಂದ ಸಹಿ ಹಾಕಿಸಿ.

ಕಾರ್ಡ್ ತೋರಿಸಿದ್ದರೆ ಅದೇ ದಿನ ವರದಿ ಬರೆಯಿರಿ. ಅರ್ಧ ಪುಟ ಸಾಕು. ಯಾವ ಅರ್ಧ, ಎಷ್ಟನೇ ನಿಮಿಷ, ಸ್ಕೋರ್ ಎಷ್ಟಿತ್ತು, ತೀರ್ಪು ಏನು, ಕೋಚ್ ಆಡಿದ ಮಾತು ಯಥಾವತ್ತಾಗಿ, ನೀವು ಕೊಟ್ಟ ಉತ್ತರ, ಯಾವ ಕಾರ್ಡ್. "ಅಸಭ್ಯವಾಗಿ ವರ್ತಿಸಿದರು" ಎಂದಷ್ಟೇ ಬರೆದ ವರದಿ ವಿಚಾರಣೆಯಲ್ಲಿ ನಿಲ್ಲುವುದಿಲ್ಲ. ಆಡಿದ ಮಾತು ಎಷ್ಟೇ ಕೊಳಕಾಗಿದ್ದರೂ ಅದನ್ನೇ ಬರೆಯಬೇಕು. ನಿಮ್ಮ ಅನಿಸಿಕೆ, ಆ ಕೋಚ್‌ನ ಹಳೆಯ ಕಥೆ ಯಾವುದೂ ಅದರಲ್ಲಿ ಬೇಡ.

ಅಂದು ಸಂಜೆ ಚಹಾದಂಗಡಿಯಲ್ಲಿ, ದೈಹಿಕ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಆ ತೀರ್ಪಿನ ಮಾತು ಬಂದೇ ಬರುತ್ತದೆ. ಉತ್ತರ ಕೊಡಬೇಡಿ. ಕೋಚ್ ತಾವಾಗಿ ಬಂದು, ಸಿಟ್ಟಿಳಿದ ಮೇಲೆ, "ನಿಜವಾಗ್ಲೂ ಬೆರಳು ನೆಲದಲ್ಲಿತ್ತಾ?" ಎಂದು ಕೇಳಿದರೆ ಕೂತು ಮಾತಾಡಿ, ಕಂಡದ್ದನ್ನೇ ಮತ್ತೆ ಹೇಳಿ. ಲಿಖಿತ ದೂರು ಸಲ್ಲಿಕೆಯಾಗಿದ್ದರೆ ಮಾತ್ರ ಅದು ಇತ್ಯರ್ಥವಾಗುವವರೆಗೆ ಅದೂ ಬೇಡ. ಸ್ಕೋರ್ ಶೀಟ್‌ನ ಮತ್ತು ವರದಿಯ ಒಂದೊಂದು ಪ್ರತಿ ನಿಮ್ಮ ಬಳಿ ಇರಲಿ, ಮೂಲಪ್ರತಿಯನ್ನು ಸಮಿತಿಗೆ ಕೊಟ್ಟು ತಲುಪಿದ್ದಕ್ಕೆ ಸಹಿ ಪಡೆದ ಮೇಲಷ್ಟೇ ಮೈದಾನ ಬಿಡಿ.